ಸೋರಿದ ಹರಳು

ಹತ್ತಿರ ಬನ್ನಿ, ಜೋರಾಗಿ ಹೇಳುವ ಮಾತಲ್ಲ. ಇದು ನಿಮ್ಮ ಹೊಟ್ಟೆಯಲ್ಲೇ ಇರಬೇಕು, ನನ್ನ ಹೆಸರು ಎಲ್ಲೂ ಬರಕೂಡದು. ಪಕ್ಕದ ಮನೆ ನೀಲವ್ವನ ಅಳಿಯ ಅಡಿವೆಪ್ಪ ಮೂರು ಸೋಮವಾರದಿಂದ ಮಠಕ್ಕೆ ಬರುತ್ತಿದ್ದ. ಎರಡನೆಯ ಮದುವೆಯ ಮಾತಿರಬೇಕು ಎಂದಿತು ಓಣಿ. ಮೊದಲು ಅಂದವಳು ನಾನೇ, ಸುಳ್ಳೇಕೆ ಹೇಳಲಿ. ಮಠದಲ್ಲಿ ಹೂ ಕಟ್ಟುವವಳು ನಾನು. ಕಂಬದ ಹಿಂದೆ ಕೂತಿದ್ದೆ. ಎರಡೂ ಕೈಯಲ್ಲಿ ದಾರ, ಕಿವಿ ಮುಚ್ಚಿಕೊಳ್ಳುವುದು ಹೇಗೆ?

ಅವನು ಮಠದ ಸ್ವಾಮಿ ಅಜ್ಜಾರನ್ನು ಕೇಳಿದ್ದು ಬೇರೆಯೇ. ಅಣು ವಿದ್ಯುತ್ತಿನ ಕಾರ್ಖಾನೆಯಲ್ಲಿ ಉಳಿದ ವಿಷವನ್ನು ಪಿಂಗಾಣಿಯಂಥ ಕಲ್ಲಾಗಿ ಸುಟ್ಟು ನೆಲದಲ್ಲಿ ಹೂಳುತ್ತಾರಂತೆ. ಲಕ್ಷ ವರ್ಷ ಸೋರುವುದಿಲ್ಲ ಎಂದು ಅಲ್ಲಿ ಪರೀಕ್ಷೆ ಮಾಡುವ ಇವನು ರುಜು ಹಾಕಬೇಕಂತೆ.

"ತಿಂಗಳು ಕುದಿಯುವ ನೀರಲ್ಲಿಟ್ಟು ನೋಡಿದ್ದೇವೆ, ಅಜ್ಜಾರೆ. ಲಕ್ಷ ವರ್ಷ ನೋಡಿದವರು ಯಾರು? ರುಜು ಹಾಕದಿದ್ದರೆ ನನ್ನ ಕೆಲಸ ಹೋಗುತ್ತದೆ. ಹಾಕಿದರೆ ಯಾರ ಮೊಮ್ಮಕ್ಕಳ ಬಾವಿಗೆ ವಿಷ ಇಳಿಯುತ್ತದೋ."

ಅಜ್ಜಾರು ಕತೆ ಹೇಳಿದರು.

ಒಬ್ಬ ವರ್ತಕನ ಬಳಿ ಊರನ್ನೇ ಕೊಲ್ಲುವಷ್ಟು ವಿಷವಿತ್ತು. ತುಂಬಿ ಹೂಳಲು ಗಡಿಗೆ ಬೇಕಾಗಿತ್ತು. ಇಬ್ಬರು ಕುಂಬಾರರು ಬಂದರು. ಮೊದಲನೆಯವನು ತನ್ನ ಗಡಿಗೆಯನ್ನು ಬೆರಳಿನಿಂದ ಬಾರಿಸಿದ. ಗಂಟೆಯಂತೆ ನುಡಿಯಿತು. ಸಂತೆಯಲ್ಲಿ ನಾವೆಲ್ಲ ಹಾಗೆ ಬಾರಿಸಿಯೇ ಕೊಳ್ಳುವುದು. ವರ್ತಕ ತಲೆದೂಗಿದ.

ಎರಡನೆಯವನು ಬಾರಿಸಲಿಲ್ಲ. ಹೊಳೆಯ ಮರಳಿನಲ್ಲಿ ಆರಿಸಿದ ಒಂದು ಕಪ್ಪು ಹರಳನ್ನು ಮುಂದಿಟ್ಟ. ಇದು ಹುಟ್ಟುವಾಗಲೇ ಇಂಥದ್ದೇ ವಿಷವನ್ನು ಹೊಟ್ಟೆಯಲ್ಲಿಟ್ಟುಕೊಂಡು ಹುಟ್ಟಿದೆ ಎಂದ. ಹೆತ್ತ ಬೆಟ್ಟ ಸವೆದು ಮಣ್ಣಾಯಿತು. ಹೊಳೆ ಉರುಳಿಸಿತು. ವಿಷ ಒಳಗಿನ ಕಟ್ಟನ್ನೆಲ್ಲ ಮುರಿಯಿತು. ಆದರೂ ಹರಳು ಬಿಟ್ಟುಕೊಡಲಿಲ್ಲ. ಇದರ ಪಾಕ ನೋಡಿಯೇ ನನ್ನ ಗಡಿಗೆ ಮಾಡಿದೆ ಎಂದ.

ಆಮೇಲೆ ಗಂಟು ಬಿಚ್ಚಿ ಅದೇ ಜಾತಿಯ ಇನ್ನೊಂದು ಹರಳು ತೆಗೆದ. ಬಿಸಿನೀರಿನ ಬುಗ್ಗೆಯ ಬಳಿ ಸಿಕ್ಕಿದ್ದು. ಅದರ ಅರ್ಧ ವಿಷ ಸೋರಿಹೋಗಿತ್ತು.

ವರ್ತಕ ಕೇಳಿದ: "ಇದನ್ನೇಕೆ ತೋರಿಸಿದೆ? ನಿನ್ನ ಗಡಿಗೆ ಮಾರುವುದು ಬೇಡವೇ?"

ಕುಂಬಾರ ಹೇಳಿದ: "ಎಲ್ಲಿ ಹೂಳಬಾರದು ಎಂದು ಹೇಳುವುದು ಇದೊಂದೇ."

ಯಾರ ಗಡಿಗೆ ಕೊಂಡ ಎಂದು ಅಡಿವೆಪ್ಪ ಕೇಳಿದ. ಅಜ್ಜಾರು ಒಂದೇ ಮಾತು ಅಂದರು.

"ಸೋರದ ಹರಳನ್ನು ಯಾರಾದರೂ ತೋರಿಸಿಯಾರು, ಸೋರಿದ್ದನ್ನೂ ಹುಡುಕಿ ತಂದವನ ರುಜು ನಿಲ್ಲುತ್ತದೆ."

ಅಡಿವೆಪ್ಪ ಮರುದಿನ ರುಜು ಹಾಕದೆ, ರಜೆ ಬರೆದುಕೊಟ್ಟು, ಎಲ್ಲೋ ಬಿಸಿನೀರಿನ ಬುಗ್ಗೆ ಇರುವ ಕಡೆ ಹರಳು ಹುಡುಕಲು ಹೋದನಂತೆ. ಕೆಲಸ ಉಳಿಯಿತೋ ಹೋಯಿತೋ ಇನ್ನೂ ತಿಳಿಯದು.

ನಾನು ಇದನ್ನು ಯಾರಿಗೂ ಹೇಳಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ಇಬ್ಬರಿಗೆ, ಬಳೆಗಾರ್ತಿಗೆ ಒಮ್ಮೆ, ಅಷ್ಟೇ. ಮಾತು ಕಿವಿಗೆ ಬಿದ್ದೊಡನೆ ನೀಲವ್ವ ಗಿರಣಿಗೇ ನಡೆದು ಬಂದಳು. ಎಲ್ಲರೆದುರು, ದನಿ ಏರಿಸದೆ, ನನ್ನ ಮುಖ ನೋಡಿ ಅಂದಳು:

"ಸಂಗವ್ವಾ, ಸೋರಿದ್ದನ್ನು ಹುಡುಕಲು ನನ್ನ ಅಳಿಯ ಅಷ್ಟು ದೂರ ಹೋಗಬೇಕಾಗಿರಲಿಲ್ಲ."