ರಾಜಕುಮಾರಿಗೆ ಪಂಡಿತರು ಬಂದರು

ಮರಳಗಿರಿಯ ದೊರೆ ಬಿಜ್ಜಣರಾಯನ ಆಸ್ಥಾನದಲ್ಲಿ ತಿಮ್ಮಣ್ಣಾವಧಾನಿ ಎಂಬ ಮಹಾಪಂಡಿತರಿದ್ದರು. ಲೋಕದ ಮಾತುಗಳಿಗೆಲ್ಲ ಅರ್ಥ ಬರೆಯಲು ಹೊರಟವರು. ದಿನವೂ ಮಧ್ಯಾಹ್ನ, ದೊರೆಯ ಊಟವಾದ ಮೇಲೆ, ಬರೆದಷ್ಟನ್ನು ಸಭೆಯಲ್ಲಿ ಓದುತ್ತಿದ್ದರು. ಓದುವ ಮೊದಲು ಒಂದು ಮಾತು ಹೇಳುವುದು ಅವರ ರೂಢಿ.

"ಗುರುಮುಖದಿಂದಲ್ಲದೆ ಅರ್ಥ ಬರದು. ಮಗುವಿನ ಬಾಯಲ್ಲಿ ಒಂದು ಮಾತು ಬಂತೆಂದರೆ ಯಾರೋ ಕೂರಿಸಿಕೊಂಡು ಕಲಿಸಿದ್ದಾರೆ ಅಂತಲೇ ಲೆಕ್ಕ."

ಈ ಮಾತೇ ಒಬ್ಬ ಬಡ ಹೆಂಗಸಿಗೆ ಮುಳುವಾಯಿತು.

ದೊರೆಯ ಮಗಳು ಹೊನ್ನಾಜಿಗೆ ಆಗ ಮೂರು ವರ್ಷ. ಅವಳ ಹುಟ್ಟುಹಬ್ಬದ ದಿನ ಅವಧಾನಿಗಳು ಅಂತಃಪುರಕ್ಕೇ ಹೋಗಿ ಆಶೀರ್ವಾದ ಶುರುಮಾಡಿದರು. ಶುರುವಾದದ್ದು ಮುಗಿಯಲಿಲ್ಲ. ಮಗು ಬಾಯಿ ತುಂಬ ಆಕಳಿಸಿ, ತನ್ನನ್ನು ಸಾಕಿದ ದಾದಿ ಗಿರಿಯವ್ವನ ಸೆರಗೆಳೆಯಿತು.

"ಗಿರಿಯವ್ವಾ, ನಂಗೆ ಪಂಡಿತರು ಬಂದ್ರು. ಹಾಸಿಗೆ ಹಾಸು."

ಮಗು ಮೂಲೆಯಲ್ಲಿ ಸುರುಳಿ ಸುತ್ತಿ ಮಲಗಿದ್ದ ಬೆಕ್ಕನ್ನು ತೋರಿಸಿ, ಅದಕ್ಕೂ ಪಂಡಿತರು ಬಂದಿದಾರೆ ಎಂದಿತು.

ಅವಧಾನಿಗಳು ನೇರವಾಗಿ ದೊರೆಯ ಬಳಿ ಹೋದರು. ದಾದಿಯೇ ಇದನ್ನು ಹೇಳಿಕೊಟ್ಟಿದ್ದಾಳೆ, ಇದು ತನಗೆ ಮಾತ್ರವಲ್ಲ ವಿದ್ಯೆಗೇ ಮಾಡಿದ ಅವಮಾನ, ಅವಳನ್ನು ಗಡಿ ದಾಟಿಸಬೇಕು ಎಂದು ಪಟ್ಟು ಹಿಡಿದರು. ದೊರೆ ಮರುದಿನ ಸಂಜೆಯೊಳಗೆ ಅವಳು ಹೊರಡತಕ್ಕದ್ದು ಎಂದು ಅಪ್ಪಣೆ ಮಾಡಿಬಿಟ್ಟ. ಗಿರಿಯವ್ವನಿಗೆ ಆ ಮಗುವಲ್ಲದೆ ಬೇರೆ ಯಾರೂ ಇರಲಿಲ್ಲ. ಪಾಪ, ಅವಳು ಅತ್ತ ಅಳು ಅಡುಗೆಮನೆಯವರೆಗೂ ಕೇಳಿಸಿತು.

ಈ ಮಾತು ಮಗುವಿಗೆ ಎಲ್ಲಿಂದ ಬಂತೆಂದು ಆಸ್ಥಾನದಲ್ಲಿ ಎಲ್ಲರಿಗೂ ಗೊತ್ತಿತ್ತು. ಮಧ್ಯಾಹ್ನದ ಹೊತ್ತು ಮಗು ಅಪ್ಪನ ತೊಡೆಯ ಮೇಲೇ ಇರುತ್ತಿತ್ತು. ಬಾಗಿಲಲ್ಲಿ ಹೊಗಳುಭಟ "ಪಂಡಿತರು ಬಂದರು" ಎಂದು ಕೂಗುವುದು, ದೊರೆ ತೂಕಡಿಸುವುದು, ಎರಡಕ್ಕೂ ನಡುವೆ ಹೆಚ್ಚು ಹೊತ್ತು ಹಿಡಿಯುತ್ತಿರಲಿಲ್ಲ. ಗೊತ್ತಿಲ್ಲದವರು ಇಬ್ಬರೇ. ಓದುವವರು ಓಲೆಯಿಂದ ಕಣ್ಣೆತ್ತುತ್ತಿರಲಿಲ್ಲ, ಕೇಳುವವರು ಕಣ್ಣು ತೆರೆಯುತ್ತಿರಲಿಲ್ಲ. ಕಣ್ಣು ಮುಚ್ಚಿ ಕೇಳಿದರೆ ಶಾಸ್ತ್ರ ಚೆನ್ನಾಗಿ ಇಳಿಯುತ್ತದೆ ಎಂದು ದೊರೆ ತಾನೇ ನಂಬಿದ್ದ.

ಆದರೆ ಅದನ್ನು ದೊರೆಗೆ ಹೇಳುವವರು ಯಾರು? ತಲೆ ಎಲ್ಲರಿಗೂ ಇದ್ದದ್ದು ಒಂದೊಂದೇ.

ಆಸ್ಥಾನದ ವಿನೋದಗಾರ ಓಬಯ್ಯನಿಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. ನಿದ್ದೆ ಮಾಡಿದವರೊಬ್ಬರು, ನಿದ್ದೆ ಬರಿಸಿದವರೊಬ್ಬರು, ಊರು ಬಿಡಬೇಕಾದವಳು ಇನ್ನೊಬ್ಬಳೇ ಎಂದು ಅವನಿಗೆ ಹೊಟ್ಟೆ ಉರಿಯಿತು. ಮರುದಿನ ಸಭೆಯಲ್ಲಿ ಕೈಮುಗಿದು ನಿಂತ.

"ಪ್ರಭು, ಗಿರಿಯವ್ವ ಹೊರಡುವ ಮೊದಲು ಒಂದು ಪರೀಕ್ಷೆಯಾಗಲಿ. ಯಾರೂ ಕಲಿಸದ ಮಾತಿಗೆ ಮಗು ಅರ್ಥ ಹಿಡಿದರೆ ಅವಳನ್ನು ಉಳಿಸಿಕೊಳ್ಳಬೇಕು."

ಅವಧಾನಿಗಳು ನಕ್ಕು ಒಪ್ಪಿದರು. ಸನ್ನೆ ಮಾಡಿದಳು ಎಂಬ ಮಾತು ಬರಬಾರದೆಂದು ಓಬಯ್ಯನೇ ಗಿರಿಯವ್ವನನ್ನು ಹೊರಗೆ ಕೂರಿಸಿದ. ಒಂದು ತಟ್ಟೆಯಲ್ಲಿ ಚೆಂಡು, ಬುಗುರಿ, ಗೊಂಬೆ ಇಟ್ಟು, ಮಗು ಎಂದೂ ನೋಡಿರದ ನೇಕಾರರ ಲಾಳಿಯೊಂದನ್ನೂ ಇಟ್ಟ. ಆಮೇಲೆ ಅಲ್ಲೇ ಒಂದು ಮಾತು ಹುಟ್ಟಿಸಿದ.

"ಪುಟ್ಟಮ್ಮಾ, ನಂಗೆ ಟಿಮುಕಿ ಕೊಡ್ತೀಯಾ?"

ಮಗು ತಟ್ಟೆಯನ್ನೊಮ್ಮೆ ನೋಡಿ ಲಾಳಿಯನ್ನೆತ್ತಿ ಕೊಟ್ಟಿತು. ಹೇಗೆ ಗೊತ್ತಾಯಿತು ಎಂದು ದೊರೆಯೇ ಕೇಳಿದ.

"ಇದು ಚೆಂಡು, ಇದು ಬುಗುರಿ, ಇದು ಗೊಂಬೆ," ಎಂದಿತು ಮಗು, ಇಷ್ಟು ದೊಡ್ಡವರಿಗೆ ಇದೂ ಗೊತ್ತಿಲ್ಲವೇ ಎಂಬಂತೆ. "ಅದಕ್ಕೇ ಅದು ಟಿಮುಕಿ."

ಸಭೆ ತಲೆದೂಗಿತು. ಅವಧಾನಿಗಳು ಒಪ್ಪಲಿಲ್ಲ. ಇದು ಬರೀ ಕಾಕತಾಳೀಯ, ಶಾಸ್ತ್ರದ ಮುಂದೆ ನಿಲ್ಲುವ ಮಾತಲ್ಲ ಎಂದರು.

ಓಬಯ್ಯ ಇದಕ್ಕೇ ಕಾದಿದ್ದ. "ಸ್ವಾಮಿ, ಯಾಕೆ ನಿಲ್ಲುವುದಿಲ್ಲ ಅನ್ನುವುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಿ. ನಮ್ಮಂಥ ದಡ್ಡರಿಗೂ ತಿಳಿಯಲಿ."

ವಿಸ್ತಾರವಾಗಿ ಹೇಳಿ ಎಂದು ಅವಧಾನಿಗಳನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಅವರು ಆನಂದದಿಂದ ಗಂಟಲು ಸರಿಮಾಡಿಕೊಂಡು, ಓಲೆಯ ಕಟ್ಟು ಬಿಚ್ಚಿ, ಶಬ್ದ ಎಂದರೇನು ಎಂಬಲ್ಲಿಂದ ಓದಲಾರಂಭಿಸಿದರು. ದೊರೆ ಕಣ್ಣು ಮುಚ್ಚಿ ಆಲಿಸತೊಡಗಿದ. ಶಬ್ದದಿಂದ ಅರ್ಥಕ್ಕೆ ಬರುವಷ್ಟರಲ್ಲಿ ಕಿರೀಟ ಎಡಕ್ಕೆ ವಾಲಿತು. ಆಮೇಲೆ ಸಣ್ಣಗೆ ಗೊರಕೆ ಕೇಳಿಸಿತು.

ಮಗು ಸರಸರನೆ ಅಪ್ಪನ ಹತ್ತಿರ ಹೋಯಿತು. ತುಟಿಗೆ ಬೆರಳಿಟ್ಟುಕೊಂಡು ಸಭೆಯತ್ತ ತಿರುಗಿತು.

"ಶ್... ಮಾತಾಡ್ಬೇಡಿ. ಅಪ್ಪಾಜಿಗೆ ಪಂಡಿತರು ಬಂದಿದಾರೆ."

ಅವಧಾನಿಗಳ ಬಾಯಿ ಅರ್ಥದ ಮಧ್ಯದಲ್ಲೇ ನಿಂತುಹೋಯಿತು. ಅವರು ಮೊದಲ ಬಾರಿಗೆ ಓಲೆಯಿಂದ ಕಣ್ಣೆತ್ತಿ ದೊರೆಯನ್ನು ನೋಡಿದರು. ಓದು ನಿಂತ ಕೂಡಲೇ ದೊರೆಗೆ ಎಚ್ಚರವಾಯಿತು. ಮಗಳ ಬೆರಳು ಇನ್ನೂ ತುಟಿಯ ಮೇಲೇ ಇತ್ತು, ಮಾತೂ ಅರೆಬರೆ ಕಿವಿಗೆ ಬಿದ್ದಿತ್ತು. ಸಭಿಕರೆಲ್ಲ ನೆಲ ನೋಡತೊಡಗಿದರು.

ದೊರೆ ಕಿರೀಟ ನೆಟ್ಟಗೆ ಮಾಡಿಕೊಂಡು ಗಡುಸಾಗಿ ಕೇಳಿದ. "ಓಬಯ್ಯ, ನಿಜ ಹೇಳು. ಇದನ್ನು ಮಗುವಿಗೆ ಕಲಿಸಿದವರು ಯಾರು?"

"ಪ್ರಭು, ನಾನು ಸೋತೆ," ಎಂದ ಓಬಯ್ಯ. "ಅವಧಾನಿಗಳ ಮಾತೇ ಸರಿ, ಗುರುವಿಲ್ಲದೆ ಅರ್ಥ ಬರದು. ಈ ಮಗುವಿಗೆ ಗುರುಗಳು ಇಬ್ಬರು. ಮಾತು ಕೊಟ್ಟವರು ಅವಧಾನಿಗಳು, ಅದರ ಅರ್ಥವನ್ನು ದಿನವೂ ತಪ್ಪದೆ ತೋರಿಸಿಕೊಟ್ಟವರು ತಾವು. ಇಬ್ಬರಲ್ಲಿ ಯಾರನ್ನು ಗಡಿ ದಾಟಿಸಬೇಕೋ ಅಪ್ಪಣೆಯಾಗಲಿ, ಗಾಡಿ ಕಟ್ಟಿಸುತ್ತೇನೆ."

ದೊರೆ ಅವಧಾನಿಗಳನ್ನು ನೋಡಿದ, ಅವರು ದೊರೆಯನ್ನು ನೋಡಿದರು. ಮೊದಲು ನಕ್ಕವನು ದೊರೆಯೇ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಅವರು ಹೋದರೆ ನನಗೆ ನಿದ್ದೆಯಿಲ್ಲ, ನಾನು ಹೋದರೆ ಅವರಿಗೆ ಕೇಳುವವರಿಲ್ಲ," ಎಂದ ತನ್ನ ಕೊರಳಿನ ಸರ ತೆಗೆದು ಓಬಯ್ಯನಿಗೆ ಹಾಕುತ್ತ. "ಇಬ್ಬರೂ ಇಲ್ಲೇ ಇರುತ್ತೇವೆ. ಹೋಗು, ಗಿರಿಯವ್ವನನ್ನು ಒಳಗೆ ಕರೆದುಕೊಂಡು ಬಾ."