ಹೂಬಿಟ್ಟ ಸೆಣಬಿನ ವರ

ಉಳದೆಯೇ ಬಿತ್ತುವ ಹೊಲವೊಂದರಲ್ಲಿ, ಮಣ್ಣಿಗೆ ಹೊದಿಕೆಯಾಗಲೆಂದು ಬೆಳೆಸಿದ್ದ ಸೆಣಬು ಮೈತುಂಬ ಹೂಬಿಟ್ಟು ನಿಂತಿತ್ತು. ಜೋಳ ಬಿತ್ತಿದ ನೆಲದ ಮೇಲೆ ಅದನ್ನು ಮಲಗಿಸಲು, ಕಣದಲ್ಲಿ ತೆನೆ ಒಕ್ಕುವ ರೋಣಗಲ್ಲು ಉರುಳುತ್ತ ಬಂತು.

“ಬನ್ನಿ ಕಲ್ಲಪ್ಪನವರೇ,” ಎಂದು ಸೆಣಬು ನಕ್ಕಿತು. “ಹೋದ ತಿಂಗಳೂ ಉರುಳಿದ್ದಿರಿ, ನಾನು ಎದ್ದು ನಿಂತೆ. ಬಿದ್ದರೂ ಏಳುವುದು ನಮ್ಮ ಕುಲಕ್ಕೆ ಭೂಮಿತಾಯಿ ಕೊಟ್ಟ ವರ.”

“ವರದ ವಿಚಾರ ನಾನರಿಯೆ, ತಾಯಿ. ಆಗ ನೀನಿನ್ನೂ ಹೂಬಿಟ್ಟಿರಲಿಲ್ಲ, ನಾನೇ ಅವಸರಪಟ್ಟು ಬಂದಿದ್ದೆ,” ಎಂದು ಕಲ್ಲು ಅದರ ಮೇಲೆ ಹಾದುಹೋಯಿತು.

ಸೆಣಬು ವರಕ್ಕಾಗಿ ದಿನಗಟ್ಟಲೆ ಕಾಯಿತು. ಹೂಬಿಟ್ಟ ಮೇಲೆ ಜಜ್ಜಿದ ಕಾಂಡ ಮತ್ತೆ ಏಳಲಿಲ್ಲ, ಎಲೆಗಳು ಬಾಡಿದವು. ಒಂದು ಮಧ್ಯಾಹ್ನ ಅದರಡಿಯ ತೇವದಿಂದ ಜೋಳದ ಮೊಳಕೆಯೊಂದು ಮೆಲ್ಲನೆ ಕೇಳಿತು: “ಅಕ್ಕಾ, ಮೇಲೆ ಬಿಸಿಲು ಬಹಳವೇ?”

ಏಳಬೇಕೆಂಬ ಹಟವನ್ನು ಸೆಣಬು ಅಲ್ಲಿಗೇ ಬಿಟ್ಟಿತು.

“ಅದು ನನ್ನ ಬೆನ್ನಿಗೆ. ನೀನು ಬಾ, ಮಗು,” ಎಂದಿತು.