ಒಂದು ಪೆಟ್ಟಿಗೆ, ನಾಲ್ಕು ಬ್ರೌಸರ್

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಎರಡು ಆಕಳು, ಒಂದು ಕಂಪ್ಯೂಟರ್. ಇಷ್ಟೇ ಸಂಸಾರ.

ಗುರುಗಳನ್ನು ಎಲ್ಲರೂ ಅಜ್ಜನವರು ಎಂದೇ ಕರೆಯುತ್ತಿದ್ದರು. ಶಿಷ್ಯನ ಹೆಸರು ಅಡವೀಶ. ಮೂವತ್ತು ತುಂಬುತ್ತ ಬಂದಿತ್ತು. ಓದಿಕೊಂಡವನು, ಚುರುಕು, ಮಾತಿನಲ್ಲಿ ಮುಂದು. ತಾನು ಚುರುಕು ಎಂಬುದು ಊರವರಿಗಿಂತ ಅವನಿಗೇ ಒಂದು ಕೈ ಹೆಚ್ಚು ಗೊತ್ತಿತ್ತು.

ಕಂಪ್ಯೂಟರನ್ನು ಯಾರೋ ಭಕ್ತರು ಕೊಟ್ಟಿದ್ದರು. ಮಧ್ಯಾಹ್ನ ಪ್ರಸಾದವಾದ ಮೇಲೆ ಊರಿನ ಮೂವರು ಹೆಂಗಸರು ಬಂದು ಸರದಿಯ ಮೇಲೆ ಅದರ ಮುಂದೆ ಕೂರುತ್ತಿದ್ದರು. ಅಂಗನವಾಡಿಯ ದೇವಕ್ಕ, ಕಿರಾಣಿ ಅಂಗಡಿಯ ಕಾಶವ್ವ, ಇನ್ನೊಬ್ಬಳು ಫಕೀರವ್ವ.

ಫಕೀರವ್ವ ಎಂದರೆ ಸುತ್ತಲ ಮೂರು ಊರಿಗೂ ಗೊತ್ತು. ಹದಿನೆಂಟು ವರ್ಷದಿಂದ ಪ್ರತಿ ಸೋಮವಾರ ಸಂಜೆ ಆಶ್ರಮದಲ್ಲಿ ಹೊತ್ತಿಗೆ ತೆರೆದು ವಚನ ಓದುವವಳು ಅವಳೇ. ಅವಳು ಓದಲು ಕುಳಿತರೆ ಅಳುವ ಕೂಸೂ ಸುಮ್ಮನಾಗುತ್ತಿತ್ತು.

ಅಡವೀಶನ ಕಣ್ಣಿಗೆ ಬಿದ್ದದ್ದು ಬೇರೆ ಸಂಗತಿ. ಇಂಟರ್ನೆಟ್ಟಿಗೆ ಹೋಗಲು ಆ ಒಂದು ಪೆಟ್ಟಿಗೆಯಲ್ಲಿ ನಾಲ್ಕು ಬ್ರೌಸರ್‌ಗಳಿದ್ದವು. ಹೋಗುವ ಊರು ಒಂದೇ, ಬಾಗಿಲು ನಾಲ್ಕು. ಅವನು ಕ್ರೋಮ್ ಬಳಸುತ್ತಿದ್ದ. ಕಾಶವ್ವನದು ಎಡ್ಜ್, ದೇವಕ್ಕನದು ಒಪೆರಾ, ಫಕೀರವ್ವನದು ಫೈರ್‌ಫಾಕ್ಸ್. ಒಬ್ಬರು ಇನ್ನೊಬ್ಬರದನ್ನು ಅಪ್ಪಿತಪ್ಪಿಯೂ ಮುಟ್ಟುತ್ತಿರಲಿಲ್ಲ.

ಇದೆಂಥ ಅಜ್ಞಾನ ಎಂದು ಅವನಿಗೆ ಅನಿಸಿತು.

ಯಾಕೆ ಹೀಗೆ ಎಂದು ಒಬ್ಬೊಬ್ಬರನ್ನೇ ಕೇಳಿದ. ಕಾಶವ್ವ, ಎಡ್ಜ್ ಪೆಟ್ಟಿಗೆಯ ಜೊತೆಗೇ ಬಂದದ್ದು, ಮನೆ ತುಂಬಿದ ಸೊಸೆಯನ್ನು ಬಿಟ್ಟು ಇನ್ನೊಬ್ಬಳನ್ನು ಹುಡುಕುತ್ತಾರೇನು ಎಂದಳು. ದೇವಕ್ಕ, ಒಪೆರಾದಲ್ಲಿ ಜಾಹೀರಾತಿನ ಕಾಟ ಕಡಿಮೆ ಎಂದಳು. ಫಕೀರವ್ವ ಕಾರಣವನ್ನೇ ಹೇಳಲಿಲ್ಲ. ತೆರೆಯ ಮೇಲಿನ ಕಿತ್ತಳೆ ಬಣ್ಣದ ನರಿಯ ಚಿತ್ರ ತೋರಿಸಿದಳು.

"ನನಗ ಈ ನರಿ ಸಾಕೋ ತಮ್ಮಾ."

ಅಡವೀಶ ಒಳಗೊಳಗೇ ನಕ್ಕ.

ಎಂಟು ದಿನ ಗಡಿಯಾರ ಹಿಡಿದು ಕುಳಿತ. ಯಾವುದು ಎಷ್ಟು ಬೇಗ ಪುಟ ತೆರೆಯುತ್ತದೆ, ಯಾವುದು ಯಂತ್ರದ ಶಕ್ತಿಯನ್ನು ಎಷ್ಟು ತಿನ್ನುತ್ತದೆ, ಯಾವುದು ನಮ್ಮ ಬೆನ್ನು ಹತ್ತುವವರನ್ನು ತಡೆಯುತ್ತದೆ ಎಂದು ಎಲ್ಲ ಬರೆದುಕೊಂಡ. ಕ್ರೋಮ್ ಸ್ವಲ್ಪ ಹೊಟ್ಟೆಬಾಕ ಎಂಬುದನ್ನೂ ಪ್ರಾಮಾಣಿಕವಾಗಿ ಬರೆದ. ಆದರೂ ಒಂದನೇ ನಂಬರು ಅದಕ್ಕೇ ಬಂತು. ಬರೆದದ್ದನ್ನು ಅಜ್ಜನವರ ಬಳಿಗೆ ಒಯ್ದ.

"ಅಜ್ಜಾರ, ನಾಲ್ಕರಾಗ ಯಾವುದು ಚಲೋ ಅಂತ ಅಳದು ನೋಡೇನ್ರಿ."

"ಯಾತರಿಂದ ಅಳದಿ?"

"ಗಡಿಯಾರದಿಂದ್ರಿ."

ಅಜ್ಜನವರು ಹೂಂ ಎಂದು ಆಕಳಿಗೆ ಮೇವು ಹಾಕಲು ಎದ್ದು ಹೋದರು. ಆ ಹೂಂ ಅನ್ನು ಅವನು ಒಪ್ಪಿಗೆ ಎಂದುಕೊಂಡ.

ಶನಿವಾರ ಮೂರು ಬ್ರೌಸರ್‌ಗಳನ್ನು ತೆಗೆದುಹಾಕಿದ. ಯಾರಿಗೂ ನಷ್ಟವಾಗಬಾರದು ನೋಡಿ, ಒಬ್ಬೊಬ್ಬರು ಗುರುತು ಹಾಕಿಟ್ಟುಕೊಂಡಿದ್ದ ಪುಟಗಳನ್ನೆಲ್ಲ ಮೊದಲೇ ಕ್ರೋಮ್‌ಗೆ ತಂದು ಸುರಿದಿದ್ದ. ಇಂಥದು ಇಂಥಲ್ಲಿಂದ ಬಂತು ಎಂದು ಯಂತ್ರವೇ ಪ್ರತಿ ರಾಶಿಗೂ ಹೆಸರು ಬರೆದಿತ್ತು.

ರವಿವಾರ ಹತ್ತು ಹನ್ನೆರಡು ಮಂದಿಯನ್ನು ಕೂಡಿಸಿ ಒಂದು ಸಣ್ಣ ಉಪನ್ಯಾಸವನ್ನೇ ಮಾಡಿದ. ಮಂದಿ ತಲೆದೂಗಿದರು. ಹಳೆಯದೇನೂ ಕಳೆದಿಲ್ಲ, ನೋಡಿ ಎಂದು ತೋರಿಸಲು ಫೈರ್‌ಫಾಕ್ಸ್‌ನಿಂದ ಬಂದ ರಾಶಿಯನ್ನು ತೆರೆದ.

ಅದರಲ್ಲಿ ಒಂದೇ ಒಂದು ಪುಟವಿತ್ತು. ಅದನ್ನು ಒತ್ತಿದ.

ತೆರೆಯ ತುಂಬ ಒಂದು ದಪ್ಪ 'ಅ' ಬಂತು. ಪಕ್ಕದಲ್ಲಿ ಅಳಿಲು ಕುಣಿಯಿತು. ಮಗುವಿನ ದನಿಯೊಂದು 'ಅ, ಅಳಿಲು' ಎಂದು ಹಾಡಿತು.

ಮಂದಿ ನಕ್ಕರು. ಮಂದಿ ನಕ್ಕರೆ ಅಡವೀಶನಿಗೆ ಹುರುಪು. ಗೊತ್ತಿದ್ದೂ ಗೊತ್ತಿಲ್ಲದವನಂತೆ ಕೇಳಿದ.

"ಯಾರವ್ವಾ ಇದು, ನಮ್ಮ ಆಶ್ರಮದಾಗ ಒಂದನೇ ಇಯತ್ತೆ ಕಲಿಯಾವ್ರು? ಫೈರ್‌ಫಾಕ್ಸ್ ಯಾರದು?"

ಕಾಶವ್ವನ ಹಿಂದೆಯೇ ಎಲ್ಲರ ಕುತ್ತಿಗೆ ಫಕೀರವ್ವನ ಕಡೆ ಹೊರಳಿತು.

ಹುಡುಗರಿಗೆ ತೋರಿಸಲು ಇಟ್ಟುಕೊಂಡದ್ದು ಎಂದು ಅವಳು ಮೆಲ್ಲಗೆ ಅಂದಳು. ಕಾಶವ್ವ ಕೆಟ್ಟವಳಲ್ಲ, ಆದರೆ ನಾಲಿಗೆಗೆ ಹಿಡಿತವಿಲ್ಲ. ನಿನಗೆ ಯಾವ ಹುಡುಗರವ್ವಾ ಎಂದು ಕೇಳಿಯೇಬಿಟ್ಟಳು. ಫಕೀರವ್ವನಿಗೆ ಮಕ್ಕಳಿರಲಿಲ್ಲ.

ಹಿಂದಿನಿಂದ ಯಾರೋ ಕೇಳಿದರು.

"ಹಂಗಾದ್ರ ಸೋಮವಾರ ಓದತಿದ್ದದ್ದು?"

ನಗು ನಿಂತಿತು. ಫಕೀರವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದಳು. ಚಪ್ಪಲಿ ಮೆಟ್ಟುವುದನ್ನೂ ಮರೆತು ಬಿಸಿಲಲ್ಲಿ ಬರಿಗಾಲಲ್ಲೇ ನಡೆದು ಹೋದಳು.

ತೆರೆಯ ಮೇಲೆ ಅಳಿಲು ಇನ್ನೂ ಕುಣಿಯುತ್ತಿತ್ತು. ಅದನ್ನು ನಿಲ್ಲಿಸಲು ಅಡವೀಶನಿಗೆ ಗುಂಡಿಯೇ ಸಿಗಲಿಲ್ಲ.

ಮಂದಿ ಒಬ್ಬೊಬ್ಬರೇ ಎದ್ದು ಹೋದರು. ದೇವಕ್ಕ ಉಳಿದಳು. ಅವಳ ಮುಖ ಕೆಂಪಾಗಿತ್ತು.

ಫಕೀರವ್ವನಿಗೆ ಆ ವಚನಗಳೆಲ್ಲ ಅವಳ ಅಪ್ಪನಿಂದ ಬಾಯಿಪಾಠ ಬಂದವು ಎಂದು ದೇವಕ್ಕ ಹೇಳಿದಳು. ಹೊತ್ತಿಗೆ ಬರೀ ತೊಡೆಯ ಮೇಲೆ ಇರುತ್ತಿತ್ತು. ಹದಿನೆಂಟು ವರ್ಷ ಆ ಸುಳ್ಳು ಅವಳನ್ನು ತಿಂದಿತ್ತು. ಸಾಯುವುದರೊಳಗೆ ಒಂದು ಸೋಮವಾರವಾದರೂ ನಿಜವಾಗಿ ಓದಬೇಕು ಎಂದು ಐದು ತಿಂಗಳಿಂದ ದಿನಾ ಬಂದು ಅಕ್ಷರ ತಿದ್ದುತ್ತಿದ್ದಳು. ಹೆಸರು ಓದಲು ಬಾರದವಳಿಗೆ ಚಿತ್ರವಾದರೂ ಗುರುತು ಸಿಗಲಿ ಎಂದು ದೇವಕ್ಕನೇ ನರಿಯನ್ನು ತೋರಿಸಿಕೊಟ್ಟಿದ್ದಳು.

"ನಾಕು ಮಂದಿಗೆ ಒಂದ ಪೆಟ್ಟಿಗಿ, ಸ್ವಾಮಿ. ಗ್ವಾಡ್ಯಾಗ ಒಬ್ಬೊಬ್ಬರಿಗೆ ಒಂದೊಂದು ಗೂಡು ಇರತೈತಲ್ಲ, ಹಂಗ ಹಂಚಿಕೊಂಡಿದ್ವಿ. ಜಾಹೀರಾತು, ಸೊಸಿ, ಅವೆಲ್ಲ ನಿನ್ನ ಬಾಯಿ ಮುಚ್ಚಸಾಕ ಹೇಳಿದ್ದು."

ಅಡವೀಶನಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಎಂಟು ದಿನದ ಲೆಕ್ಕಾಚಾರದ ಹಾಳೆಗಳು ಅವನ ಕೈಯಲ್ಲೇ ಇದ್ದವು.

ಸಂಜೆ ಅಜ್ಜನವರು ಹೊಳೆಯ ಮೆಟ್ಟಿಲ ಮೇಲೆ ತಮ್ಮ ಧೋತರ ಹಿಂಡುತ್ತಿದ್ದರು. ಅಡವೀಶ ಹೋಗಿ ಎರಡು ಮೆಟ್ಟಿಲು ಕೆಳಗೆ ನಿಂತ.

"ತಪ್ಪಾತ್ರಿ, ಅಜ್ಜಾರ."

"ಗೊತ್ತಾತು."

"ಪ್ರಾಯಶ್ಚಿತ್ತ ಹೇಳ್ರಿ."

ಅಜ್ಜನವರು ಧೋತರ ಕೊಡವಿದರು. "ನೀ ಯಾವುದು ಬಳಸ್ತಿ?"

"ಕ್ರೋಮ್ ರೀ."

"ಯಾಕ?"

ಅಡವೀಶ ವೇಗದ ಮಾತು ತೆಗೆದ. ಅಜ್ಜನವರು ತಲೆ ಅಲ್ಲಾಡಿಸಿದರು.

"ಅದು ಮಂದಿಗೆ ಹೇಳಿದ್ದು. ನೀ ಯಾಕ ಬಳಸ್ತಿ?"

ನಿಜ ಅವನಿಗೆ ಗೊತ್ತಿತ್ತು. ಕ್ರೋಮ್‌ನಲ್ಲಿ ತಾನು ನೋಡಿದ ಪುಟಗಳ ಹೆಜ್ಜೆ ಅಳಿಸುವುದು ಅವನ ಬೆರಳಿಗೆ ರೂಢಿಯಾಗಿತ್ತು. ಪ್ರತಿದಿನ ಪೆಟ್ಟಿಗೆಯ ಮುಂದಿನಿಂದ ಏಳುವ ಮುಂಚೆ ಅಳಿಸುತ್ತಿದ್ದ. ಶನಿವಾರ ಎಲ್ಲರದನ್ನೂ ಒಂದುಗೂಡಿಸುವ ಮೊದಲು ಅವನು ಮಾಡಿದ ಮೊದಲ ಕೆಲಸವೂ ಅದೇ.

ಅವನು ಹುಡುಕುತ್ತಿದ್ದದ್ದು ತನ್ನದೇ ಹೆಸರನ್ನು. ತನ್ನ ಪ್ರವಚನವನ್ನು ಯಾರಾದರೂ ಹಾಕಿದ್ದಾರೆಯೇ, ಎಷ್ಟು ಮಂದಿ ನೋಡಿದ್ದಾರೆ, ಪಕ್ಕದ ಊರಿನ ಸ್ವಾಮಿಯದನ್ನು ಎಷ್ಟು ಮಂದಿ ನೋಡಿದ್ದಾರೆ. ಮನಸ್ಸು ಕುಗ್ಗಿದ ದಿನ, ಕಾವಿ ಬಿಟ್ಟವನಿಗೆ ಮೂವತ್ತರಲ್ಲಿ ಯಾವ ನೌಕರಿ ಸಿಗುತ್ತದೆ ಎಂದೂ ಹುಡುಕಿದ್ದ.

"ಅದರಾಗ ಅಳಸೂದು ನನಗ ಚಲೋ ಬರತೈತ್ರಿ," ಎಂದ. "ನಾ ಏನೇನು ನೋಡತೀನಿ ಅಂದ್ರ, ಅಜ್ಜಾರ..."

ಅಜ್ಜನವರು ಒದ್ದೆ ಕೈಯನ್ನು ಅವನ ಬಾಯಿಗೆ ಅಡ್ಡ ಹಿಡಿದರು.

"ನಾ ಅದನ್ನ ಕೇಳಲಿಲ್ಲ."

ಅಡವೀಶ ಮೆಟ್ಟಿಲ ಮೇಲೆ ಕುಸಿದು ಕುಳಿತ. ತಾನಾಗಿ ಕೊಡಲು ಹೋದದ್ದನ್ನೂ ಅವರು ತೆಗೆದುಕೊಳ್ಳಲಿಲ್ಲ. ಫಕೀರವ್ವನದನ್ನು ಅವನು ಕೇಳದೆಯೇ ಕಸಿದುಕೊಂಡು ಹನ್ನೆರಡು ಮಂದಿಗೆ ತೋರಿಸಿದ್ದ. ಅವನು ಮುಖ ಮುಚ್ಚಿಕೊಂಡು ಅತ್ತ.

ಅಳು ಮುಗಿಯುವವರೆಗೆ ಅಜ್ಜನವರು ಹೊಳೆಯ ಕಡೆ ನೋಡುತ್ತ ನಿಂತರು.

"ಆಕಿ ಮನೀಗೆ ಹೋಗಿ ಕಾಲಿಗೆ ಬಿದ್ದು ಕ್ಷಮಾ ಕೇಳತೀನ್ರಿ," ಎಂದ ಅಡವೀಶ.

"ನೀ ಕೇಳಿದ್ರ ಆಕಿ ಕೊಡಬೇಕಾಗತೈತಿ. ಆಕಿ ಮ್ಯಾಲ ಇನ್ನೊಂದು ಕೆಲಸ ಹೊರಸಬ್ಯಾಡ."

"ಮತ್ತ ಏನು ಮಾಡ್ಲಿರಿ?"

"ಮೊದಲ ಹೆಂಗಿತ್ತೋ ಹಂಗ ಇಡು."

ಅಡವೀಶ ಮೂರು ಬ್ರೌಸರ್‌ಗಳನ್ನೂ ಮತ್ತೆ ಹಾಕಿದ. ಒಟ್ಟು ಸುರಿದದ್ದನ್ನು ಪುಟಗಳ ಹೆಸರು ನೋಡದೆ ಆಯಾ ಜಾಗಕ್ಕೆ ಹಿಂದಿರುಗಿಸಿದ. ಕ್ರೋಮ್‌ನಲ್ಲಿ ಅವರದೇನೂ ಉಳಿಯದಂತೆ ಒರೆಸಿದ. ಅಲ್ಲಿಗೂ ಮನಸ್ಸು ಒಪ್ಪಲಿಲ್ಲ. ಮೇಜನ್ನು ತಿರುಗಿಸಿ, ಬಾಗಿಲಲ್ಲಿ ನಿಂತವರಿಗೆ ತೆರೆ ಕಾಣದ ಹಾಗೆ ಇಟ್ಟ. ಮಧ್ಯಾಹ್ನದ ಹೊತ್ತು ತಾನು ಒಳಗೆ ಕೂರುವುದನ್ನೇ ಬಿಟ್ಟ. ಹೊರಗೆ ಕಟ್ಟೆಯ ಮೇಲೆ, ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿದ್ದ.

ಸೋಮವಾರ ಬಂತು. ಮಂದಿ ಬಂದರು. ಹೊತ್ತಿಗೆ ಪೀಠದ ಮೇಲಿತ್ತು, ಫಕೀರವ್ವ ಇರಲಿಲ್ಲ. ಅಡವೀಶನನ್ನು ಓದಲು ಹೇಳಿ ಎಂದು ಯಾರೋ ಅಂದರು. ಅಜ್ಜನವರು ಕಣ್ಣು ಮುಚ್ಚಿ ಕುಳಿತರು. ಒಂದು ತಾಸು ಆಶ್ರಮದಲ್ಲಿ ಮಾತಿಲ್ಲ, ವಚನವಿಲ್ಲ. ಆ ಮೌನದ ಒಂದೊಂದು ನಿಮಿಷವೂ ತನ್ನ ಕೆಲಸವೆಂದು ಅಡವೀಶನಿಗೆ ಗೊತ್ತಿತ್ತು. ಅವನು ತಲೆ ಎತ್ತಲಿಲ್ಲ.

ಮುಂದಿನ ಸೋಮವಾರವೂ ಹಾಗೇ ಆಯಿತು. ಬರುವವರು ಅರ್ಧಕ್ಕೆ ಇಳಿದರು.

ಊರಲ್ಲಿ ಕಾಶವ್ವ ಅಂಗಡಿಗೆ ಬಂದವರ ಮುಂದೆ ಆ ಸ್ವಾಮಿ ಈಗ ಒಳಗೆ ಹಣಿಕಿಯೂ ಹಾಕುವುದಿಲ್ಲ ಎಂದು ಹೇಳುತ್ತಿದ್ದಳಂತೆ. ಅವಳಿಗೂ ತನ್ನ ನಾಲಿಗೆಯ ಮೇಲೆ ಬೇಸರವಾಗಿತ್ತು.

ಮೂರನೇ ವಾರ, ಗುರುವಾರ ಮಧ್ಯಾಹ್ನ. ಅಡವೀಶ ಕಟ್ಟೆಯ ಮೇಲೆ ಕುಳಿತಿದ್ದ. ಹಿಂದೆ ಹೆಜ್ಜೆ ಸಪ್ಪಳ ಕೇಳಿತು. ಬಾಗಿಲ ಬಳಿ ನಿಂತಿತು. ಬಹಳ ಹೊತ್ತು ನಿಂತಿತು. ಅವನು ತಿರುಗಲಿಲ್ಲ.

"ನರಿ ಐತೇನು?" ಎಂದಿತು ದನಿ.

"ಐತ್ರಿ, ಯವ್ವಾ."

"ಇದ್ದ ಜಾಗಾದಾಗ?"

"ಇದ್ದ ಜಾಗಾದಾಗ ಐತ್ರಿ."

ಹೆಜ್ಜೆ ಒಳಗೆ ಹೋಯಿತು. ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಮಗುವಿನ ದನಿ 'ಘ, ಘಂಟೆ' ಎಂದಿತು. ಅದರ ಹಿಂದೆಯೇ, ಸೋಮವಾರಗಳಲ್ಲಿ ಊರನ್ನೆಲ್ಲ ಸುಮ್ಮನಾಗಿಸುತ್ತಿದ್ದ ದನಿ ತಡವರಿಸುತ್ತ 'ಘ' ಎಂದಿತು.

ಅಡವೀಶನ ಕಣ್ಣು ತುಂಬಿದವು. ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು. ಅಷ್ಟರಲ್ಲಿ ಅಜ್ಜನವರು ಆಕಳಿಗೆ ನೀರು ಕುಡಿಸಿ ಆ ಕಡೆ ಬಂದರು. ಕಟ್ಟೆಯ ಮುಂದೆ ನಿಂತರು. ಒಳಗಿನ ದನಿ ಅವರಿಗೂ ಕೇಳುತ್ತಿತ್ತು.

"ಒಳಗ ಯಾರದಾರೋ?"

ಅಡವೀಶ ಗುರುಗಳ ಮುಖ ನೋಡಿದ. ಅವರಿಗೆ ಅವನು ಈವರೆಗೆ ಸುಳ್ಳು ಹೇಳಿದವನಲ್ಲ.

"ಗೊತ್ತಿಲ್ರಿ, ಅಜ್ಜಾರ."

ಅಜ್ಜನವರು ಹೆಗಲ ಮೇಲಿನ ವಸ್ತ್ರ ತೆಗೆದು ಕಟ್ಟೆಯ ಧೂಳು ಝಾಡಿಸಿದರು.

"ಹಂಗಾದ್ರ ಸ್ವಲ್ಪ ಸರದು ಕೂಡು. ನಾನೂ ಬೆನ್ನ ಮಾಡಿ ಕುಂದರತೀನಿ."